ನೀರು, ನಾಯಿ, ಮೈಕು: ಬೀದಿಯವರು ಕೂತು ಮಾತಾಡುವ ಬಗೆ

ಓದುಗರ ಪ್ರಶ್ನೆ, ನಮ್ಮ ಉತ್ತರ. ನೆರೆಹೊರೆಯ ತಕರಾರುಗಳ ಬಗ್ಗೆ ಬಂದ ಪತ್ರಗಳಲ್ಲಿ ಆರನ್ನು ಈ ಸಲ ಆರಿಸಿದ್ದೇವೆ.

ಪ್ರಶ್ನೆ: ನಮ್ಮ ಅಡ್ಡರಸ್ತೆಯಲ್ಲಿ 38 ಮನೆಗಳಿವೆ. ಮೂರು ದಿನಕ್ಕೊಮ್ಮೆ ಬೆಳಗಿನ ಜಾವ ನೀರು ಬಿಡುತ್ತಾರೆ. ಮೇಲಿನ ಮನೆಗಳ ಸಂಪು ತುಂಬಿ ರಸ್ತೆಗೆ ಹರಿಯುತ್ತದೆ, ಕೊನೆಯ ಎಂಟು ಮನೆಗಳ ನಲ್ಲಿಯಲ್ಲಿ ಬರೀ ಗಾಳಿ. ಎರಡು ಸಲ ಸಭೆ ಕರೆದೆವು. ಎರಡೂ ಸಲ ‘ಮೋಟರ್ ಹಾಕಿ ಕದಿಯುತ್ತೀರಿ’ ಎಂಬ ಮಾತಿನಿಂದ ಶುರುವಾಗಿ ಕೈಕೈ ಮಿಲಾಯಿಸುವ ತನಕ ಹೋಯಿತು. ಮೂರನೇ ಸಭೆ ಕರೆಯಬೇಕೆ? – ತುಮಕೂರಿನ ಓದುಗರು

ಕರೆಯಿರಿ, ಆದರೆ ಒಂದು ತಿಂಗಳು ಬಿಟ್ಟು. ಎರಡೂ ಸಭೆಗಳಲ್ಲಿ ಯಾರೂ ನೀರಿನ ಬಗ್ಗೆ ಮಾತಾಡಿಲ್ಲ, ಪರಸ್ಪರರ ಬಗ್ಗೆ ಮಾತಾಡಿದ್ದಾರೆ. ಅಳತೆ ಯಾರ ಕೈಯಲ್ಲೂ ಇಲ್ಲದಿದ್ದಾಗ ಹಾಗೇ ಆಗುವುದು. ಮೊದಲು ಅಳತೆ ಮಾಡಿ.

ಬೇಕಾದದ್ದು 10 ಲೀಟರಿನ ಒಂದು ಬಕೆಟ್ಟು, ಮೊಬೈಲಿನ ಸ್ಟಾಪ್‌ವಾಚು, ಒಂದು ನೋಟ್ ಪುಸ್ತಕ. ಮೇಲಿನ ತುದಿ, ನಡು, ಕೆಳತುದಿ ಹೀಗೆ ಮೂರು ಮನೆ ಆರಿಸಿ. ಓವರ್‌ಹೆಡ್ ಟ್ಯಾಂಕಿನ ನಲ್ಲಿ ಬೇಡ, ಬೀದಿ ಪೈಪಿನಿಂದ ನೇರ ಬರುವ ನೆಲಮಟ್ಟದ ನಲ್ಲಿಯೇ ಆಗಬೇಕು. ನೀರು ಬಂದು ಕಾಲು ಗಂಟೆಯಾದ ಮೇಲೆ ಬಕೆಟ್ಟು ತುಂಬಲು ಎಷ್ಟು ಸೆಕೆಂಡು ಹಿಡಿಯಿತು ಬರೆಯಿರಿ. ನೀರು ನಿಲ್ಲುವ ತನಕ ಪ್ರತಿ ಕಾಲು ಗಂಟೆಗೊಮ್ಮೆ ಹೀಗೇ ಮಾಡಿ. 30 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 20 ಲೀಟರ್, ಎರಡು ನಿಮಿಷ ಹಿಡಿದರೆ ನಿಮಿಷಕ್ಕೆ 5 ಲೀಟರ್. ಮೂರು ಸರದಿ ಅಳೆದರೆ ಚಿತ್ರ ಸಿಗುತ್ತದೆ. ಅಳೆಯಲು ಮೇಲಿನ ಮನೆಯವರೊಬ್ಬರು, ಕೆಳಗಿನ ಮನೆಯವರೊಬ್ಬರು ಜೊತೆಯಾಗಿಯೇ ಹೋಗಬೇಕು. ಒಂದೇ ಕಡೆಯವರು ತಂದ ಲೆಕ್ಕವನ್ನು ಇನ್ನೊಂದು ಕಡೆಯವರು ನಂಬುವುದಿಲ್ಲ.

ಈ ಲೆಕ್ಕ ಕಾರಣವನ್ನೂ ತೋರಿಸುತ್ತದೆ. ಕೆಳತುದಿಯಲ್ಲಿ ಮೊದಲು ಚೆನ್ನಾಗಿ ಬಂದು, ನಡುವೆ ಧಡಕ್ಕನೆ ಇಳಿದು, ಮತ್ತೆ ಏರಿದರೆ ಪೈಪಿಗೆ ನೇರ ಮೋಟರ್ ಹಾಕುವವರು ಇದ್ದಾರೆಂದು ಅನುಮಾನಿಸಬಹುದು. ಶುರುವಿನಿಂದ ಕೊನೆಯವರೆಗೂ ಒಂದೇ ಸಮ ಕಡಿಮೆ ಇದ್ದರೆ ವಾಲ್ವ್ ಅರ್ಧ ತಿರುಗಿಸಿರಬಹುದು, ಪೈಪು ಕಟ್ಟಿಕೊಂಡಿರಬಹುದು, ಎಲ್ಲೋ ಸೋರುತ್ತಿರಬಹುದು. ಮೇಲಿನ ಸಂಪುಗಳು ತುಂಬಿದ ಮೇಲಷ್ಟೇ ಕೆಳಗೆ ನೀರು ಬಂದರೆ ರಸ್ತೆಮಟ್ಟಕ್ಕಿಂತ ಕೆಳಗಿರುವ ಆ ಸಂಪುಗಳೇ ಎಳೆದುಕೊಳ್ಳುತ್ತಿವೆ. ತುಂಬಿಯೂ ಹರಿಯುತ್ತಿವೆ ಎಂದರೆ ತುಂಬಿದೊಡನೆ ನೀರನ್ನು ತಾನಾಗಿ ನಿಲ್ಲಿಸುವ ಫ್ಲೋಟ್ ವಾಲ್ವ್ ಅವಕ್ಕೆ ಇಲ್ಲ, ಇಲ್ಲವೇ ಅದು ಕೆಟ್ಟಿದೆ. ಈ ನಾಲ್ಕಾರು ಕಾರಣಗಳಲ್ಲಿ ‘ಕಳ್ಳತನ’ ಎನ್ನಬಹುದಾದದ್ದು ಒಂದೇ ಒಂದು. ಅದು ಎಲ್ಲರಿಗೂ ಕಂಡರೆ ಸಭೆಯ ಬಿಸಿ ಅರ್ಧ ಇಳಿಯುತ್ತದೆ.

ನೇರ ಮೋಟರಿನ ವಿಷಯದಲ್ಲಿ ಬೈಗುಳಕ್ಕಿಂತ ಚೆನ್ನಾಗಿ ನಾಟುವ ಮಾತೊಂದಿದೆ. ಮೋಟರ್ ಎಳೆದಾಗ ಪೈಪಿನೊಳಗೆ ಒತ್ತಡ ಕುಸಿಯುತ್ತದೆ. ಚರಂಡಿ ಪಕ್ಕದಲ್ಲಿ ಪೈಪು ಎಲ್ಲಾದರೂ ಸೋರುತ್ತಿದ್ದರೆ ಅದೇ ತೂತಿನಿಂದ ಕೊಳಚೆ ಒಳಗೆ ಬರುತ್ತದೆ. ಆ ನೀರು ಹೋಗಿ ಸೇರುವುದು ಮೋಟರ್ ಹಾಕಿದವರ ಸಂಪಿಗೇ.

ಅಳತೆಯ ಜೊತೆಗೇ ಮನೆಮನೆಗೆ ಹೋಗಿ. ನಮ್ಮ ಮಟ್ಟಿಗೆ ಸಭೆಗಿಂತ ಇದೇ ಮುಖ್ಯ. ಮನೆಗೆ ಹತ್ತು ನಿಮಿಷವಾದರೆ 38 ಮನೆಗೆ ಆರು ಗಂಟೆ 20 ನಿಮಿಷ, ಅಂದರೆ ನಾಲ್ಕು ಸಂಜೆಯ ಕೆಲಸ. ಮೂರೇ ಪ್ರಶ್ನೆ ಕೇಳಿ: ನಿಮಗಿರುವ ತೊಂದರೆ ಏನು? ಏನು ಮಾಡಿದರೆ ನಿಮಗೆ ಒಪ್ಪಿಗೆ? ಯಾವುದಕ್ಕೆ ಖಂಡಿತ ಒಪ್ಪುವುದಿಲ್ಲ? ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡು ಓದಿ ಹೇಳಿ. ‘ನಿಮ್ಮಲ್ಲಿ ಮೋಟರ್ ಇದೆಯಾ’ ಎಂದು ಮಾತ್ರ ಕೇಳಬೇಡಿ. ಅಲ್ಲಿಗೆ ಆ ಮನೆಯ ಬಾಗಿಲು ಮುಚ್ಚಿತು. ಬಾಡಿಗೆಯವರ ಮನೆ ಬಿಡಬೇಡಿ. ಮನೆ ಮಾಲೀಕರು ಬೇರೆ ಊರಲ್ಲಿರಬಹುದು, ಜಾವದಲ್ಲಿ ಎದ್ದು ಕೊಡ ಹಿಡಿಯುವವರು ಬಾಡಿಗೆಯವರೇ.

ಸಭೆ ಒಂದೂವರೆ ಗಂಟೆ ಮೀರಬಾರದು. ವಿಷಯ ಒಂದೇ, ನೀರು. ಕಸ, ಬೀದಿದೀಪ ಇನ್ನೊಂದು ದಿನಕ್ಕಿರಲಿ. ಯಾರ ಮನೆಯಲ್ಲೂ ಬೇಡ, ಸರ್ಕಾರಿ ಶಾಲೆಯ ಕೋಣೆ ಅಥವಾ ಪಾರ್ಕು ಒಳ್ಳೆಯದು. ಕುರ್ಚಿ ವೃತ್ತಾಕಾರದಲ್ಲಿ ಹಾಕಿ. ವೇದಿಕೆ ಬೇಡ, ನಲವತ್ತು ಜನರಿಗೆ ಮೈಕೂ ಬೇಡ. ಮೈಕು ಕೈಗೆ ಬಂದರೆ ಮಾತು ಭಾಷಣವಾಗುತ್ತದೆ. ಮೊದಲ ಹತ್ತು ನಿಮಿಷ ಬಕೆಟ್ಟಿನ ಲೆಕ್ಕವನ್ನು ದೊಡ್ಡ ಹಾಳೆಯಲ್ಲಿ ಬರೆದು ತೋರಿಸಿ. ಒಬ್ಬೊಬ್ಬರಿಗೆ ಎರಡು ನಿಮಿಷ ಕೊಟ್ಟರೂ 38 ಮನೆಗೆ 76 ನಿಮಿಷ ಆಗಿಹೋಗುತ್ತದೆ. ಆದ್ದರಿಂದ ಆರಾರು ಜನರ ಗುಂಪು ಮಾಡಿ, ಪ್ರತಿ ಗುಂಪಿನಲ್ಲೂ ಮೇಲಿನವರು, ಕೆಳಗಿನವರು ಬೆರೆತಿರಲಿ. 20 ನಿಮಿಷ ಅವರವರೇ ಮಾತಾಡಲಿ. ಮುಂದಿನ 15 ನಿಮಿಷ ಗುಂಪಿಗೊಬ್ಬರು ಹೇಳಲಿ. ಅರ್ಧ ಗಂಟೆ ಪರಿಹಾರಗಳ ಚರ್ಚೆ, ಉಳಿದ 15 ನಿಮಿಷ ಬರೆಯುವುದಕ್ಕೆ.

ಮತ ಹಾಕಿಸಬೇಡಿ. ಮೂವತ್ತು ಮನೆ ಎಂಟು ಮನೆಯನ್ನು ಪ್ರತಿ ಸಲವೂ ಸೋಲಿಸುತ್ತದೆ, ಕೊನೆಯ ಮನೆಗೆ ನೀರು ಬರುವುದೇ ಇಲ್ಲ. ಬದಲಿಗೆ ‘ಹತ್ತು ಸರದಿ ಹೀಗೆ ಮಾಡಿ ನೋಡೋಣ’ ಎಂಬ ಪ್ರಯೋಗಕ್ಕೆ ಒಪ್ಪಿಸಿ: ಎಲ್ಲ ಸಂಪಿಗೂ ಫ್ಲೋಟ್ ವಾಲ್ವ್, ಮೋಟರ್ ಸಂಪಿನಿಂದ ಮೇಲಿನ ಟ್ಯಾಂಕಿಗೆ ಮಾತ್ರ, ಮೊದಲ 45 ನಿಮಿಷ ಮೇಲಿನ ಮನೆಗಳ ಸಂಪಿನ ವಾಲ್ವ್ ಬಂದ್. ಹತ್ತು ಸರದಿ ಎಂದರೆ ಒಂದು ತಿಂಗಳು. ಮುಗಿದ ಮೇಲೆ ಅದೇ ಬಕೆಟ್ಟು ಹಿಡಿದು ಅದೇ ಮೂರು ನಲ್ಲಿಯಲ್ಲಿ ಮತ್ತೆ ಅಳೆಯಿರಿ. ಆಗಲೂ ಕೆಳಗೆ ಏರದಿದ್ದರೆ ತಪ್ಪು ಬೀದಿಯವರದಲ್ಲ, ಪೈಪಿನದು. ಎರಡೂ ಲೆಕ್ಕ ಲಗತ್ತಿಸಿ 38 ಮನೆಯ ಸಹಿಯೊಂದಿಗೆ ಎಂಜಿನಿಯರ್‌ಗೆ ಅರ್ಜಿ ಕೊಡಿ.

ಪ್ರಶ್ನೆ: ನಮ್ಮ ಬಡಾವಣೆಯ ಸಭೆಯಲ್ಲಿ ಒಬ್ಬ ಹಿರಿಯರು ಪ್ರತಿ ಸಲ ಕೂಗಾಡುತ್ತಾರೆ. ಉಳಿದವರು ಬರುವುದನ್ನೇ ಬಿಟ್ಟಿದ್ದಾರೆ. ಏನು ಮಾಡುವುದು? – ಮೈಸೂರಿನ ಓದುಗರು

ಸಭೆಗೆ ಒಂದೆರಡು ದಿನ ಮೊದಲು ಅವರ ಮನೆಗೆ ಹೋಗಿ ಕೂತು ಪೂರ್ತಿ ಕೇಳಿ. ತನ್ನ ಮಾತು ಎಲ್ಲೂ ದಾಖಲಾಗುವುದಿಲ್ಲ ಎಂಬ ಅನುಭವ ಇರುವವರೇ ಹೆಚ್ಚಾಗಿ ದನಿ ಏರಿಸುವುದು. ಸಭೆ ಶುರುವಾಗುತ್ತಲೇ ಅವರ ಅಂಶವನ್ನು ಬೋರ್ಡಿನ ಮೇಲೆ ಬರೆದು ‘ಹೀಗೇ ಅಲ್ಲವೇ ನೀವು ಹೇಳಿದ್ದು?’ ಎಂದು ಕೇಳಿ. ಮತ್ತೆ ಅದೇ ಮಾತು ಎತ್ತಿದರೆ ಬೋರ್ಡು ತೋರಿಸಿ, ‘ಇದು ಬಂದಿದೆ, ಹೊಸದೇನಾದರೂ ಇದೆಯೇ?’ ಎಂದರಾಯಿತು.

ಸಭೆ ನಡೆಸುವವರು ತಕರಾರಿನಲ್ಲಿ ಪಾಲಿಲ್ಲದವರಾಗಿರಬೇಕು. ಪಕ್ಕದ ಬೀದಿಯವರನ್ನು ಕರೆಯಿರಿ. ಅವರ ಕೆಲಸ ತೀರ್ಪು ಕೊಡುವುದಲ್ಲ, ಸರದಿ ಕಾಯುವುದು. ಒಬ್ಬರಿಗೆ ಎರಡು ನಿಮಿಷ. ಇನ್ನೂ ಮಾತಾಡದವರ ಸರದಿ ಮುಗಿಯುವ ತನಕ ಮಾತಾಡಿದವರಿಗೆ ಎರಡನೇ ಸರದಿ ಇಲ್ಲ.

ಇನ್ನೊಂದು ನಿಯಮವನ್ನು ಮೊದಲೇ ಎಲ್ಲರಿಂದ ಒಪ್ಪಿಸಿಕೊಳ್ಳಿ: ಸಭೆ ಮುಗಿಯುವವರೆಗೆ ಬಹುವಚನ. ವಯಸ್ಸು, ಸಲುಗೆ, ನಂಟು ಏನೇ ಇರಲಿ, ಎಲ್ಲರಿಗೂ ‘ನೀವು’. ಕನ್ನಡದಲ್ಲಿ ಜಗಳ ಹದ ತಪ್ಪುವುದು ‘ನೀನ್ಯಾರಯ್ಯ ಕೇಳೋಕೆ’ ಎಂಬಲ್ಲಿ. ಮನೆಗೆಲಸದವರು, ಪೌರಕಾರ್ಮಿಕರು ಸಭೆಗೆ ಬಂದಿದ್ದರೆ ಅವರಿಗೂ ಇದೇ ನಿಯಮ ಎಂದು ಬಾಯಿಬಿಟ್ಟು ಹೇಳಿ, ತಾನಾಗಿ ಅದು ಆಗುವುದಿಲ್ಲ. ‘ಬಾಡಿಗೆಯವರು’, ‘ಹೊರಗಿನವರು’ ಎಂದು ಗುಂಪು ಕಟ್ಟಿ ಬೈಯುವುದೂ ಬೇಡ. ಮನೆ ನಂಬರಿನಿಂದ ಮಾತಾಡಲಿ.

ಚಹಾ ಕೊನೆಗಲ್ಲ, ನಡುವೆ ಕೊಡಿ. ದನಿ ಏರಿದ ಕ್ಷಣ ಐದು ನಿಮಿಷದ ಬಿಡುವಿಗೆ ಅದೇ ನೆಪ. ಆದರೆ ಜಾತಿ ಹಿಡಿದು ಬೈದರೆ, ಹೊಡೆಯುವ ಬೆದರಿಕೆ ಹಾಕಿದರೆ ಚಹಾ ಕೊಟ್ಟು ಸಮಾಧಾನ ಮಾಡುವ ವಿಷಯ ಅದಲ್ಲ. ಸಭೆ ಅಲ್ಲಿಗೇ ನಿಲ್ಲಿಸಿ, ನೊಂದವರ ಜೊತೆ ಪೊಲೀಸ್ ಠಾಣೆಗೆ ಹೋಗಿ. ‘ರಾಜಿ ಮಾಡಿಕೊಳ್ಳಿ’ ಎಂದು ಅವರ ಮೇಲೆ ಒತ್ತಡ ಹಾಕುವುದು ತಪ್ಪು.

ಪ್ರಶ್ನೆ: ಬೀದಿನಾಯಿಗಳಿಗೆ ಅನ್ನ ಹಾಕುವವರು ಮತ್ತು ಬೇಡ ಎನ್ನುವವರು ಎಂದು ನಮ್ಮ ಬೀದಿ ಎರಡು ಪಾಲಾಗಿದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನವೂ ಯುದ್ಧ. – ಬೆಂಗಳೂರಿನ ಓದುಗರು

ಮೊದಲು ಆ ಗುಂಪಿನಲ್ಲಿ ಈ ಚರ್ಚೆ ನಿಲ್ಲಿಸಿ, ಸಭೆಯ ದಿನ ಮತ್ತು ಸ್ಥಳ ತಿಳಿಸಲು ಮಾತ್ರ ಅದನ್ನು ಬಳಸಿ. ಮುಖ ನೋಡಿ ಆಡಲಾರದ ಮಾತನ್ನು ಜನ ಅಲ್ಲಿ ಸಲೀಸಾಗಿ ಬರೆಯುತ್ತಾರೆ, ಅಳಿಸಿದರೂ ಸ್ಕ್ರೀನ್‌ಶಾಟ್ ಉಳಿಯುತ್ತದೆ.

‘ನಾಯಿ ಇರಬೇಕೋ ಬೇಡವೋ’ ಎಂಬುದನ್ನು ಚರ್ಚೆಗಿಡಬೇಡಿ, ಅದು ನಿಮ್ಮ ಬೀದಿ ತೀರ್ಮಾನಿಸುವ ವಿಷಯವಲ್ಲ. ಯಾವ ಜಾಗದಲ್ಲಿ, ಎಷ್ಟು ಹೊತ್ತಿಗೆ, ಯಾರು ಹಾಕಬೇಕು, ಯಾರು ತೊಳೆಯಬೇಕು ಎಂಬುದು ಮಾತ್ರ ನಿಮ್ಮ ಕೈಯಲ್ಲಿದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಆಹಾರ ಹಾಕುವ ಜಾಗ ಮಕ್ಕಳು ಆಡುವ ಕಡೆಯಿಂದ, ಮೆಟ್ಟಿಲು ಮತ್ತು ಪ್ರವೇಶದ್ವಾರಗಳಿಂದ ದೂರ ಇರಬೇಕು. ಮಕ್ಕಳು, ಹಿರಿಯರು ಓಡಾಡುವ ಹೊತ್ತನ್ನು ತಪ್ಪಿಸಿ ಸಮಯ ಗೊತ್ತುಮಾಡಬೇಕು. ಹಾಕಿದವರೇ ಸ್ವಚ್ಛ ಮಾಡಬೇಕು. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಕೂಡ ವಾರ್ಡಿನಲ್ಲಿ ಗೊತ್ತುಪಡಿಸಿದ ಜಾಗದಲ್ಲಷ್ಟೇ ಆಹಾರ ಹಾಕಬೇಕು, ಕಂಡಕಂಡ ಬೀದಿಯಲ್ಲಿ ಅಲ್ಲ ಎಂದಿತು.

ಸಭೆಯನ್ನು ಕುರ್ಚಿಯಲ್ಲಿ ಶುರುಮಾಡದೆ ನಡಿಗೆಯಿಂದ ಶುರುಮಾಡಿ. ಎರಡೂ ಕಡೆಯ ಮೂರು ಮೂರು ಜನ ಬೀದಿ ಸುತ್ತಿ ನಾಯಿಗಳನ್ನು ಎಣಿಸಲಿ. ಕಿವಿಯ ತುದಿ ಕತ್ತರಿಸಿದ್ದರೆ ಸಂತಾನಶಕ್ತಿ ಹರಣ ಆಗಿದೆ ಎಂದರ್ಥ. ಕಿವಿ ಕತ್ತರಿಸದ ನಾಯಿ ಎಷ್ಟು, ಯಾವ ಮನೆಯ ಮುಂದೆ ಎಂದು ಬರೆದುಕೊಂಡರೆ ಎರಡೂ ಗುಂಪು ಒಟ್ಟಿಗೆ ಮಾಡಬಹುದಾದ ಮೊದಲ ಕೆಲಸ ಸಿಕ್ಕಿತು: ಪಾಲಿಕೆಯ ಪಶುವೈದ್ಯ ವಿಭಾಗಕ್ಕೆ ಆ ಪಟ್ಟಿ ಕೊಟ್ಟು ನಾಯಿ ಹಿಡಿಯುವ ಗಾಡಿ ಕರೆಸುವುದು. ಗಾಡಿ ಬಂದ ದಿನ ನಾಯಿ ಹಿಡಿಯಲು ಅನ್ನ ಹಾಕುವವರೇ ಬೇಕು, ಅವರ ಕೈಗೆ ಮಾತ್ರ ನಾಯಿ ಬರುವುದು. ಕಸದ ರಾಶಿ ಎಲ್ಲಿದೆ ಎಂಬುದನ್ನೂ ಗುರುತು ಮಾಡಿ. ರಾತ್ರಿ ಹೊರಗಿಟ್ಟ ಕಸದ ಚೀಲವೂ ನಾಯಿಗೆ ಊಟವೇ.

ಯಾರಿಗಾದರೂ ಕಚ್ಚಿದ್ದರೆ ಅವರ ಮಾತು ಮೊದಲು ಕೇಳಿ, ಮಧ್ಯೆ ಯಾರೂ ಬಾಯಿ ಹಾಕಬಾರದು. ಕಚ್ಚಿದ ಜಾಗವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ನೋಟಿಸಿನಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿ.

ಪ್ರಶ್ನೆ: ನಮ್ಮೂರಲ್ಲಿ ಸಭೆ ಅರಳಿಕಟ್ಟೆಯಲ್ಲಿ ನಡೆಯುತ್ತದೆ. ಹೆಂಗಸರು ದೂರ ನಿಲ್ಲುತ್ತಾರೆ, ದಲಿತ ಕಾಲೊನಿಯವರು ಬರುವುದೇ ಇಲ್ಲ. – ಹಾವೇರಿ ಜಿಲ್ಲೆಯ ಓದುಗರು

ತೊಂದರೆ ಕಟ್ಟೆಯಲ್ಲೇ ಇದೆ. ತಲೆಮಾರುಗಳಿಂದ ಯಾರು ಅಲ್ಲಿ ಕೂರಬಾರದಿತ್ತೋ ಅವರು ಇವತ್ತು ‘ಬನ್ನಿ’ ಎಂದಾಕ್ಷಣ ಬಂದು ಕೂರುವುದಿಲ್ಲ. ಶಾಲೆಗೆ, ಅಂಗನವಾಡಿಗೆ ಸಭೆ ಸ್ಥಳಾಂತರಿಸಿ. ಒಂದು ಸಭೆ ಕಾಲೊನಿಯಲ್ಲೇ ಆಗಲಿ, ಊರಿನವರು ಅಲ್ಲಿಗೆ ಹೋಗಲಿ. ಕೆಲವರು ಕುರ್ಚಿಯಲ್ಲಿ, ಕೆಲವರು ನೆಲದಲ್ಲಿ ಎಂದಾಗಬಾರದು: ಕುರ್ಚಿ ಸಾಲದಿದ್ದರೆ ಎಲ್ಲರಿಗೂ ಚಾಪೆ. ನೀರು, ಚಹಾದ ಲೋಟ ಎಲ್ಲರಿಗೂ ಒಂದೇ ಬಗೆಯದಿರಲಿ.

ಸಂಜೆ ಆರು ಗಂಟೆ ಗಂಡಸರಿಗೆ ಬಿಡುವು. ಹೆಂಗಸರಿಗೆ ಹಾಲು ಕರೆಯುವ, ಒಲೆ ಹಚ್ಚುವ ಹೊತ್ತು. ಸಮಯ ಅವರನ್ನೇ ಕೇಳಿ ಗೊತ್ತುಮಾಡಿ. ಮೊದಲು ಹೆಂಗಸರದ್ದೇ ಸಭೆ ಪ್ರತ್ಯೇಕ ಆಗಲಿ, ಸ್ವಸಹಾಯ ಸಂಘದ ವಾರದ ಸಭೆಯ ದಿನವೇ ಅನುಕೂಲ. ಅಲ್ಲಿ ಆರಿಸಿದ ಇಬ್ಬರು ದೊಡ್ಡ ಸಭೆಯಲ್ಲಿ ಎಲ್ಲರಿಗಿಂತ ಮೊದಲು ಮಾತಾಡಲಿ. ಒಬ್ಬರೇ ಆದರೆ ಸುತ್ತಲಿನ ದನಿಗೆ ಕುಗ್ಗಿಬಿಡುತ್ತಾರೆ.

ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಗ್ರಾಮಸಭೆಗೆ ಮೊದಲು ವಾರ್ಡ್ ಸಭೆ ಆಗಬೇಕು, ಅದೂ ಕನಿಷ್ಠ ಆರು ತಿಂಗಳಿಗೊಮ್ಮೆ. ನಿಮ್ಮ ಮಾತುಕತೆಯಲ್ಲಿ ಬಂದ ಬೇಡಿಕೆಗಳನ್ನು ವಾರ್ಡ್ ಸಭೆಯ ನಡಾವಳಿಗೆ ಸೇರಿಸಿ, ಪಂಚಾಯತಿ ಅಭಿವೃದ್ಧಿ ಅಧಿಕಾರಿಯ (ಪಿಡಿಓ) ಎದುರು ಓದಿಸಿ. ಒಂದು ಎಚ್ಚರ: ಹಾಜರಿಯ ಸಹಿ ಬೇರೆ, ತೀರ್ಮಾನಕ್ಕೆ ಒಪ್ಪಿಗೆಯ ಸಹಿ ಬೇರೆ. ಬರುತ್ತಲೇ ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಂಡು, ಆಮೇಲೆ ಮೇಲ್ಭಾಗದಲ್ಲಿ ಏನೋ ಬರೆದುಕೊಳ್ಳುವುದಕ್ಕೆ ಅವಕಾಶ ಕೊಡಬೇಡಿ. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿದ ಮೇಲೆಯೇ ಹೆಬ್ಬೆಟ್ಟು.

ಪ್ರಶ್ನೆ: ಗಣೇಶನ ಪೆಂಡಾಲಿನ ಮೈಕಿನ ಬಗ್ಗೆ ಹೇಳಲು ಹೋದರೆ ಧರ್ಮವಿರೋಧಿ ಎನ್ನುತ್ತಾರೆ. – ಶಿವಮೊಗ್ಗದ ಓದುಗರು

ಹಬ್ಬದ ಹಿಂದಿನ ದಿನ ಹೋದರೆ ಹಾಗೆಯೇ ಅನ್ನುತ್ತಾರೆ, ಆಗ ಮೈಕಿನವರಿಗೆ ಮುಂಗಡ ಕೊಟ್ಟಾಗಿರುತ್ತದೆ. ಚಂದಾ ಎತ್ತಲು ಬಂದಾಗಲೇ ಚಂದಾ ಕೊಟ್ಟು ಮಾತಾಡಿ. ಯುವಕರು ಬಲ್ಲ ನಿಯಮವನ್ನೇ ನೆನಪಿಸಿ: 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಇಲ್ಲ, ವರ್ಷಕ್ಕೆ ಗರಿಷ್ಠ 15 ದಿನ ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡುವ ಅಧಿಕಾರ ಸರ್ಕಾರಕ್ಕಿದೆ. ಕೇಳುವಾಗ ‘ಸೌಂಡ್ ಕಮ್ಮಿ ಮಾಡಿ’ ಎನ್ನಬೇಡಿ, ಅದಕ್ಕೆ ಅಳತೆಯಿಲ್ಲ. ಸ್ಪೀಕರಿನ ಮುಖ ಯಾವ ಕಡೆಗೆ, ಎಷ್ಟು ಪೆಟ್ಟಿಗೆ, ಮಧ್ಯಾಹ್ನ ಯಾವ ಎರಡು ಗಂಟೆ ಬಂದ್, ರಾತ್ರಿ ಆರಿಸುವವರು ಯಾರು, ಅವರ ಫೋನ್ ನಂಬರೇನು ಎಂದು ಕೇಳಿ. ಇದೇ ಮಾತನ್ನು ಎಲ್ಲ ಧರ್ಮದ ಹಬ್ಬಕ್ಕೂ ಹೇಳುವವರಾದರೆ ಮಾತ್ರ ನಿಮ್ಮ ಮಾತಿಗೆ ತೂಕ.

ಪ್ರಶ್ನೆ: ಸಭೆಯಲ್ಲಿ ಎಲ್ಲರೂ ಒಪ್ಪುತ್ತಾರೆ. ಎರಡು ತಿಂಗಳಿಗೆ ಎಲ್ಲ ಮೊದಲಿನಂತೆ. – ಧಾರವಾಡದ ಓದುಗರು

ನಿಮ್ಮ ನಡಾವಳಿ ತೆಗೆದು ನೋಡಿ. ‘ಸ್ವಚ್ಛತೆ ಕಾಪಾಡಲು ತೀರ್ಮಾನಿಸಲಾಯಿತು’ ಎಂದಿದ್ದರೆ ಅಲ್ಲಿ ತೀರ್ಮಾನವೇ ಆಗಿಲ್ಲ. ‘ತೀರ್ಮಾನಿಸಲಾಯಿತು, ಮಾಡಲಾಯಿತು’ ಎಂಬ ಕರ್ತೃವಿಲ್ಲದ ವಾಕ್ಯ ನಡಾವಳಿಗೆ ಬೇಡ. ಯಾವ ಮನೆಯವರು, ಏನು, ಯಾವ ತಾರೀಕಿನೊಳಗೆ, ಖರ್ಚೆಷ್ಟು, ಆ ಹಣ ಯಾರು ಕೊಡುತ್ತಾರೆ – ಈ ಐದೂ ಒಂದೇ ಸಾಲಿನಲ್ಲಿ ಇರಬೇಕು. ಒಂದು ಸಭೆಗೆ ಮೂರಕ್ಕಿಂತ ಹೆಚ್ಚು ಸಾಲು ಬೇಡ. ಒಪ್ಪದವರ ಹೆಸರು ಮತ್ತು ಕಾರಣವನ್ನೂ ಅದೇ ಪುಟದಲ್ಲಿ ಬರೆಯಿರಿ. ಮುಚ್ಚಿಟ್ಟ ಭಿನ್ನಮತವೇ ಎರಡು ತಿಂಗಳಿಗೆ ಎದ್ದು ಬರುವುದು. 24 ಗಂಟೆಯೊಳಗೆ ಪುಟದ ಫೋಟೊ ಎಲ್ಲರಿಗೂ ಹೋಗಲಿ. 30ನೇ ದಿನಕ್ಕೆ ಅರ್ಧ ಗಂಟೆಯ ಮರುಸಭೆಯ ದಿನಾಂಕವನ್ನು ಅಲ್ಲೇ, ಜನ ಕುರ್ಚಿಯಿಂದ ಏಳುವ ಮೊದಲೇ ಗೊತ್ತುಮಾಡಿ. ಆ ದಿನ ಹೊಸ ವಿಷಯ ಏನೂ ಬೇಡ, ಹಳೆಯ ಮೂರು ಸಾಲು ಓದಿ, ಆಗಿದೆಯೋ ಇಲ್ಲವೋ, ಇಲ್ಲದಿದ್ದರೆ ಏನು ಅಡ್ಡ ಬಂತು ಎಂದಷ್ಟೇ ಕೇಳಿ.