ಪಶುವೈದ್ಯೆಗೆ ಕೇಳಿ: 4 ತಿಂಗಳ ಹಂದಿಮರಿಗೆ ಬೆದೆಯೇ?

ಪ್ರಶ್ನೆ: ನಮ್ಮಲ್ಲಿ ಯಾರ್ಕ್‌ಶೈರ್ ಹಂದಿಗಳಿವೆ. ಮುಸುಕಿನ ಜೋಳದ ಬೆಲೆ ಏರಿದ ಮೇಲೆ ಎಥೆನಾಲ್ ಕಾರ್ಖಾನೆಯಿಂದ ಬರುವ ಡಿಡಿಜಿಎಸ್ (ಜೋಳದಿಂದ ಎಥೆನಾಲ್ ತೆಗೆದ ಮೇಲೆ ಉಳಿಯುವ ಒಣ ಹಿಂಡಿ) ಜಾಸ್ತಿ ಹಾಕುತ್ತಿದ್ದೇವೆ. ಜೊತೆಗೆ ಸೋಯಾ ಹಿಂಡಿ, ಅಕ್ಕಿ ತೌಡು. ಈಗ 4 ತಿಂಗಳ ಹೆಣ್ಣುಮರಿಗಳ ಹಿಂಭಾಗ ಬೆದೆಗೆ ಬಂದ ಹಾಗೆ ಕೆಂಪಾಗಿ ಊದಿಕೊಂಡಿದೆ. 8 ತಿಂಗಳ ಎರಡು ಹಂದಿಗಳು ಒಮ್ಮೆ ಬೆದೆಗೆ ಬಂದವು, ಆಮೇಲೆ ಬರಲೇ ಇಲ್ಲ. ಗಂಡಿಗೆ ಬಿಟ್ಟಿಲ್ಲ. ಸೋಯಾದಲ್ಲಿ ಹೆಣ್ಣು ಹಾರ್ಮೋನ್ ಇದೆ, ನಿಲ್ಲಿಸಿ ಅಂತ ಪಕ್ಕದ ತೋಟದವರು ಹೇಳುತ್ತಾರೆ. ಏನು ಮಾಡಲಿ?
– ಒಬ್ಬ ರೈತ, ಮಾಲೂರು

ಉತ್ತರ: ಸೋಯಾ ಹಿಂಡಿ ನಿಲ್ಲಿಸಬೇಡಿ. ನಿಲ್ಲಿಸಬೇಕಾದ್ದು ಆ ಡಿಡಿಜಿಎಸ್, ಅದೂ ಇವತ್ತೇ.

ನಿಮ್ಮ ಪಕ್ಕದವರ ಮಾತು ಪೂರ್ತಿ ಸುಳ್ಳೂ ಅಲ್ಲ. ಸೋಯಾದಲ್ಲಿರುವ ಐಸೋಫ್ಲೇವೋನ್ ಎಂಬ ಅಂಶಗಳು ಹೆಣ್ಣು ಹಾರ್ಮೋನ್ ಆದ ಈಸ್ಟ್ರೋಜನ್ ಮಾಡುವ ಕೆಲಸವನ್ನು ಸ್ವಲ್ಪ ಮಟ್ಟಿಗೆ ಮಾಡುತ್ತವೆ. ಆದರೆ ಅವುಗಳ ಬಲ ತೀರಾ ಕಡಿಮೆ. ಅಮೆರಿಕದ ಬಹುಪಾಲು ಹಂದಿಗಳು ಬೆಳೆಯುವುದೇ ಮುಸುಕಿನ ಜೋಳ ಮತ್ತು ಸೋಯಾ ತಿಂದು. ಅಲ್ಲಿ ಹಂದಿಗಳು ಮರಿ ಹಾಕುವುದೇನೂ ನಿಂತಿಲ್ಲ, ಅಲ್ವಾ?

ನನ್ನ ಅನುಮಾನ ಝಿಯರಲೆನೋನ್ ಮೇಲೆ. ಜೋಳಕ್ಕೆ ಮಳೆ ಹಿಡಿದರೆ, ಸರಿಯಾಗಿ ಒಣಗದಿದ್ದರೆ ಫ್ಯೂಸೇರಿಯಂ ಅನ್ನುವ ಬೂಷ್ಟು ಬರುತ್ತದೆ. ಅದು ಬಿಡುವ ವಿಷ ಇದು. ಅಮೆರಿಕದ ಅಯೋವಾದಲ್ಲಿ 1928ರಲ್ಲೇ ಬೂಷ್ಟು ಹಿಡಿದ ಜೋಳ ತಿಂದ ಹಂದಿಗಳಲ್ಲಿ ನೀವು ಹೇಳುವ ಊತವನ್ನು ದಾಖಲಿಸಿದ್ದರು. ವಿಷ ಯಾವುದು ಅಂತ ಬೇರ್ಪಡಿಸಿ ತೋರಿಸಿದ್ದು 1962ರಲ್ಲಿ. ದೇಹದಲ್ಲಿ ಈಸ್ಟ್ರೋಜನ್ ಕೂರುವ ಜಾಗದಲ್ಲೇ ಇದು ಹೋಗಿ ಕೂರುತ್ತದೆ. ಹಂದಿಯ ಯಕೃತ್ತು ಇದನ್ನು ಇನ್ನೂ ಜೋರಾದ ರೂಪಕ್ಕೆ ಬದಲಿಸುತ್ತದೆ. ಅದೇ ಜೋಳ ಕೋಳಿಗೆ ಹಾಕಿದರೆ ಹೆಚ್ಚುಕಡಿಮೆ ಏನೂ ಆಗುವುದಿಲ್ಲ.

ಹಾಗಾದರೆ ಜೋಳಕ್ಕಿಂತ ಡಿಡಿಜಿಎಸ್ ಏಕೆ ಕೆಟ್ಟದ್ದು? ಎಥೆನಾಲ್ ಮಾಡುವಾಗ ಜೋಳದ ಪಿಷ್ಟವೆಲ್ಲ ಹೋಗಿ ಸುಮಾರು ಮೂರನೇ ಒಂದು ಭಾಗ ಉಳಿಯುತ್ತದೆ. ವಿಷ ಮಾತ್ರ ಹೋಗುವುದಿಲ್ಲ. ಹಾಗಾಗಿ ಅದರ ಪ್ರಮಾಣ ಸುಮಾರು ಮೂರು ಪಟ್ಟಾಗುತ್ತದೆ. ಎಳೆಯ ಹೆಣ್ಣು ಹಂದಿಯ ಆಹಾರದಲ್ಲಿ ಕಿಲೋಗೆ 0.1 ಮಿಲಿಗ್ರಾಂ ಮೀರಬಾರದು ಅಂತ ಯುರೋಪ್ ಒಕ್ಕೂಟದ ಸಲಹೆಯಿದೆ. 1 ಮಿಲಿಗ್ರಾಂ ಇದ್ದರೆ ಊತ ಕಣ್ಣಿಗೇ ಕಾಣುತ್ತದೆ.

ನಿಮ್ಮ 4 ತಿಂಗಳ ಮರಿಗಳದ್ದು ಸುಳ್ಳು ಬೆದೆ. ನಿಜವಾದ ಬೆದೆಗೆ ಸಾಮಾನ್ಯವಾಗಿ 6 ತಿಂಗಳಾದರೂ ಆಗಬೇಕು. ಸೊಂಟದ ಮೇಲೆ ಕೈಯೂರಿ ಒತ್ತಿ ನೋಡಿ. ಬೆದೆಗೆ ಬಂದ ಹಂದಿ ಕದಲದೆ ನಿಲ್ಲುತ್ತದೆ, ಇವು ಕಿರುಚಿಕೊಂಡು ಓಡುತ್ತವೆ. ಇದನ್ನು ಸೋಂಕು ಅಂದುಕೊಂಡು ಆಂಟಿಬಯಾಟಿಕ್ ಚುಚ್ಚಿಸುವವರನ್ನು ನನ್ನ ಸರ್ವೀಸಿನಲ್ಲಿ ಎಷ್ಟೋ ಜನರನ್ನು ನೋಡಿದ್ದೇನೆ. ಲಾಭ ಔಷಧಿ ಅಂಗಡಿಯವರಿಗೆ ಮಾತ್ರ.

ದೊಡ್ಡ ಹಂದಿಗಳ ಕಥೆ ಬೇರೆ. ಅಂಡ ಬಿಟ್ಟ ಜಾಗದಲ್ಲಿ ಬೆಳೆಯುವ ಹಳದಿ ಗಂಟು, ಗಬ್ಬ ನಿಲ್ಲದಿದ್ದರೆ ತಾನಾಗೇ ಕರಗಬೇಕು. ಆಗ ಸುಮಾರು 21 ದಿನಕ್ಕೆ ಮತ್ತೆ ಬೆದೆ. ಈ ವಿಷ ಆ ಗಂಟನ್ನು ಕರಗಲು ಬಿಡುವುದಿಲ್ಲ. ಗಬ್ಬವಿಲ್ಲದಿದ್ದರೂ ಹಂದಿಯ ಮೈ ಗಬ್ಬದ ಲೆಕ್ಕದಲ್ಲೇ ಇರುತ್ತದೆ. ಆಹಾರ ಬದಲಿಸಿದ ಮೇಲೂ ಬೆದೆ ಬರಲು ಒಂದೆರಡು ತಿಂಗಳು ಹಿಡಿಯಬಹುದು. ಅದಕ್ಕೇ ಹೇಳುವುದು, ಬಂಜೆ ಅಂತ ಅವಸರಪಟ್ಟು ಮಾರಬೇಡಿ. ಪ್ರೋಸ್ಟಗ್ಲಾಂಡಿನ್ ಇಂಜೆಕ್ಷನ್‌ನಿಂದ ಗಂಟು ಕರಗಿಸಬಹುದು, ಆದರೆ ಅದು ಗಬ್ಬವನ್ನೂ ಕೆಡಿಸುತ್ತದೆ. ಗಂಡಿಗೆ ಬಿಟ್ಟಿಲ್ಲ ಅಂತೀರಿ, ಸರಿ. ಬೇಲಿ ನುಗ್ಗುವುದರಲ್ಲಿ ಗಂಡು ಹಂದಿ ಬಲು ಜಾಣ! ಮೊದಲು ವೈದ್ಯರಿಂದ ಗಬ್ಬ ಪರೀಕ್ಷೆ ಮಾಡಿಸಿ.

ಉಳಿದ ಮೂಟೆಗಳನ್ನು ಬೇಯಿಸಿ ಹಾಕೋಣ ಅಂದುಕೊಳ್ಳಬೇಡಿ. ಈ ವಿಷ ಬೇಯಿಸಿದರೆ ಹೋಗುವುದಿಲ್ಲ. ವಿಷ ಹೀರಲು ಆಹಾರಕ್ಕೆ ಬೆರೆಸುವ ಬೆಂಟೊನೈಟ್ ಜೇಡಿಮಣ್ಣಿನ ಪುಡಿಯೂ, ಅಫ್ಲಾಟಾಕ್ಸಿನ್ ಎಂಬ ಇನ್ನೊಂದು ಬೂಷ್ಟು ವಿಷವನ್ನು ಹಿಡಿದಷ್ಟು ಚೆನ್ನಾಗಿ ಇದನ್ನು ಹಿಡಿಯದು. ಬೂಷ್ಟು ಒಂದು ಮೂಟೆಯಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿರಬಹುದು. ಆದ್ದರಿಂದ ಹಲವು ಮೂಟೆಗಳಿಂದ ಮೇಲೆ, ಮಧ್ಯೆ, ತಳದಿಂದ ಹಿಡಿ ಹಿಡಿ ತೆಗೆದು ಬೆರೆಸಿ. ಅದರಿಂದ ಒಂದು ಕಿಲೋ ಕಾಗದದ ಚೀಲದಲ್ಲಿ ಹಾಕಿಕೊಂಡು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಎಲ್ಲಿ ಪರೀಕ್ಷೆ ಮಾಡಿಸಬೇಕು ಅಂತ ತಿಳಿಸುತ್ತಾರೆ.

ತೌಡು ತಾಜಾ ಇದ್ದರೆ ಮುಂದುವರಿಸಿ. ನಾರು ಅಂದರೆ ಸುಮ್ನೆ ಹೊಟ್ಟೆ ತುಂಬಿಸುವ ವಸ್ತು ಅಂತ ತಿಳಿಯಬೇಡಿ. ಬ್ರಿಟನ್‌ನಲ್ಲಿ ಗಂಡಿಗೆ ಬಿಡುವ ಮುಂಚೆ ಎಳೆ ಹಂದಿಗಳಿಗೆ ಬೀಟ್ ಸಕ್ಕರೆ ಕಾರ್ಖಾನೆಯ ಸಿಪ್ಪೆ ಸೇರಿಸಿ ನೋಡಿದಾಗ, ಗರ್ಭದಲ್ಲಿ ಬದುಕುಳಿದ ಭ್ರೂಣಗಳ ಸಂಖ್ಯೆ ಹೆಚ್ಚಿತ್ತು.

ಊದಿದ ಭಾಗ ಕೆಲವು ವಾರಗಳಲ್ಲಿ ಇಳಿಯಬೇಕು. ಯೋನಿ ಅಥವಾ ಗುದದ್ವಾರ ಹೊರಗೆ ಜಾರಿದ್ದು ಕಂಡರೆ ಆ ಮರಿಯನ್ನು ಬೇರೆ ಕಟ್ಟಿ, ಅವತ್ತೇ ವೈದ್ಯರನ್ನು ಕರೆಸಿ. ಒಟ್ಟಿಗೆ ಬಿಟ್ಟರೆ ಉಳಿದವು ಕಚ್ಚಿ ಗಾಯ ಮಾಡುತ್ತವೆ.