ಎರಡು ಅಂಕಕ್ಕೆ ಸರ್ ಹತ್ತಿರ ಹೇಗೆ ಹೋಗಲಿ?

ಪ್ರಶ್ನೆ: ವಿಟಿಯುಗೆ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸೇರಿದ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ, 2022ರ ಸ್ಕೀಮ್ (ಪಠ್ಯ, ಪರೀಕ್ಷೆಯ ನಿಯಮಗಳು). ಒಂದು ವಿಷಯದ ಇಂಟರ್ನಲ್ಸ್‌ನಲ್ಲಿ, ಅಂದರೆ ಕಾಲೇಜಿನಲ್ಲೇ ಕೊಡುವ ಅಂಕಗಳಲ್ಲಿ, 50ಕ್ಕೆ 18 ಬಂದಿದೆ. ಸರ್ ತುಂಬಾ ಸ್ಟ್ರಿಕ್ಟ್. ಅವರಿಗೆ ಬೇಜಾರಾಗದ ಹಾಗೆ ಎರಡು ಅಂಕ ಕೇಳುವುದು ಹೇಗೆ?
– ಹೆಸರು ಬೇಡ, ಹಾಸನ

ಉತ್ತರ: ನಿಮ್ಮ ಗಾಬರಿ ಸಹಜವೇ. ನಿಮ್ಮ ಸ್ಕೀಮಿನಲ್ಲಿ ಇಂಟರ್ನಲ್ಸ್‌ಗೆ ಶೇ. 40, ಅಂದರೆ 50ಕ್ಕೆ 20 ಬರಲೇಬೇಕು. ಇಲ್ಲದಿದ್ದರೆ ಆ ವಿಷಯದ ಸೆಮಿಸ್ಟರ್ ಪರೀಕ್ಷೆಗೇ ಕೂರಿಸುವುದಿಲ್ಲ.

ಆದರೆ "ಸರ್, ಎರಡು ಮಾರ್ಕ್ಸ್ ಹಾಕಿಬಿಡಿ" ಅಂತ ಮಾತ್ರ ಹೋಗಬೇಡಿ. ಸ್ಟಾಫ್‌ರೂಮಿನಲ್ಲಿ ಕೂತು ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ನಿಮಗೆ ಸುಮ್ನೆ ಹಾಕಿದರೆ, ನಾಳೆ 17 ಬಂದವನು ಬಾಗಿಲಲ್ಲಿ ನಿಂತಿರುತ್ತಾನೆ, ಅಲ್ವಾ?

ಮೊದಲು ಬ್ಲೂ ಬುಕ್, ಅಂದರೆ ಟೆಸ್ಟಿನ ಉತ್ತರ ಬರೆದ ಪುಸ್ತಕ, ತೆಗೆದು ನೋಡಿ. ಒಳಗೆ ಹಾಕಿದ ಅಂಕಗಳೆಲ್ಲ ಮೇಲಿನ ಪುಟದ ಟೇಬಲ್ಲಿಗೆ ಬಂದಿವೆಯಾ? ಕೂಡಿದ್ದು ಸರಿಯಿದೆಯಾ? ಒಮ್ಮೆ ನಾನೇ ಕೊನೇ ಪುಟದ ಉತ್ತರ ನೋಡದೆ ಬಿಟ್ಟಿದ್ದೆ. ಹುಡುಗಿ ಏನೂ ಮಾತಾಡದೆ ಪುಟ ತಿರುಗಿಸಿ ತೋರಿಸಿದಳು. ನಾಚಿಕೆಯಾಯಿತು, ಅಲ್ಲೇ ಕೆಂಪು ಪೆನ್ ತೆಗೆದು ತಿದ್ದಿದೆ. ಲೆಕ್ಕದ ಪ್ರಶ್ನೆಯಲ್ಲಿ ಕೊನೇ ಉತ್ತರ ತಪ್ಪಿದ್ದರೂ ಸೂತ್ರಕ್ಕೆ, ಸ್ಟೆಪ್ಪುಗಳಿಗೆ ಅಂಕ ಇರುತ್ತದೆ. ಅದನ್ನೂ ನೋಡಿ. ಎರಡು ಟೆಸ್ಟಿನ ಸರಾಸರಿ ತೆಗೆಯುವುದರಿಂದ, ಒಂದು ಟೆಸ್ಟಿನಲ್ಲಿ ಎರಡು ಅಂಕ ಜಾಸ್ತಿಯಾದರೆ ಒಟ್ಟಿನಲ್ಲಿ ಏರುವುದು ಹೆಚ್ಚೆಂದರೆ ಒಂದೇ. ಇದನ್ನು ಮರೆತು ಬಂದು ಪೆಚ್ಚಾದವರು ಬಹಳ.

ಆಮೇಲೆ ಹೀಗೆ ಕೇಳಿ: "ಸರ್, ಬಿಡುವಿದ್ದಾಗ ಐದು ನಿಮಿಷ ಬರಲಾ? ಎರಡನೇ ಟೆಸ್ಟಿನ ಮೂರನೇ ಪ್ರಶ್ನೆಯ ಬಿ ಭಾಗದಲ್ಲಿ ಸೂತ್ರ ಸರಿ ಬರೆದಿದ್ದೆ, ಬೆಲೆ ಹಾಕುವಾಗ ತಪ್ಪಿದೆ. ಸ್ಟೆಪ್ ಮಾರ್ಕ್ಸ್ ಬರುತ್ತದಾ, ಒಂದು ಸಲ ನೋಡ್ತೀರಾ?" ಇಷ್ಟೇ. ಪಕ್ಕದವನಿಗೆ ಎಷ್ಟು ಬಂತು ಅನ್ನುವ ಮಾತು ಬೇಡ. ರಾತ್ರಿ ಹನ್ನೊಂದಕ್ಕೆ ವಾಟ್ಸ್ಆಪ್ ಮಾಡಬೇಡಿ. ಅಪ್ಪನನ್ನೋ ವಿಭಾಗದ ಮುಖ್ಯಸ್ಥರನ್ನೋ ಮೊದಲೇ ಎಳೆದು ತಂದರೆ ಸರ್ ಇನ್ನಷ್ಟು ಗಟ್ಟಿಯಾಗುತ್ತಾರೆ.

ಪುಸ್ತಕದಲ್ಲಿ ತಪ್ಪೇ ಸಿಗಲಿಲ್ಲವಾ? ಆಗ ಇದ್ದದ್ದು ಇದ್ದ ಹಾಗೆ ಹೇಳಿ. "ಇನ್ನೊಂದು ಅಸೈನ್‌ಮೆಂಟ್ ಕೊಟ್ಟರೆ ಮಾಡಿ ತರುತ್ತೇನೆ ಸರ್" ಅಂತ ಕೇಳಬಹುದು. ಕೊಡುವುದು ಬಿಡುವುದು ಅವರಿಗೆ ಬಿಟ್ಟದ್ದು.

ಇವತ್ತೇ ಹೋಗಿ. ಅಂಕ ವಿಶ್ವವಿದ್ಯಾಲಯದ ಪೋರ್ಟಲ್ಲಿಗೆ ಏರಿದ ಮೇಲೆ, ಮನಸ್ಸಿದ್ದರೂ ಸರ್ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ.