ಬರೀ ರಿಪೀಟ್ ಆದರೆ ಪ್ಯಾಟರ್ನ್ ಅಲ್ಲ

"ಒಂದೇ ಆಕಾರ ಮತ್ತೆ ಮತ್ತೆ ಬಂದರೆ ಅದೇ ಪ್ಯಾಟರ್ನ್ ಅಲ್ವಾ?" ಅಂತ ಕೇಳಿದ್ದೀರಿ. ಪೂರ್ತಿ ಹಾಗಲ್ಲ, ಅದರ ಹಿಂದಿನ ನಿಯಮವೇ ಪ್ಯಾಟರ್ನ್ ಅಂತೀನಿ ನಾನು. ಸೂರ್ಯಕಾಂತಿ ನೋಡಿ. ಅಲ್ಲಿ ಯಾರೂ ನಕ್ಷೆ ಬರೆದಿಲ್ಲ, ಹೂವಿನ ನಡುವೆ ಮುಂದೆ ಬೀಜವಾಗುವ ಪ್ರತಿ ಹೊಸ ಪುಟ್ಟ ಮೊಗ್ಗು ಹಿಂದಿನದಕ್ಕಿಂತ ಸುಮಾರು 137.5 ಡಿಗ್ರಿ ತಿರುಗಿ ಹುಟ್ಟುತ್ತದೆ ಅಷ್ಟೇ, ಆದರೂ ಎಣಿಸಿದರೆ ಸಾಮಾನ್ಯವಾಗಿ ಒಂದು ದಿಕ್ಕಿಗೆ 34, ಇನ್ನೊಂದು ದಿಕ್ಕಿಗೆ 55 ಸುರುಳಿ ಸಿಗುತ್ತವೆ (ದೊಡ್ಡ ಹೂವಾದರೆ ಇನ್ನೂ ಜಾಸ್ತಿ). ಡಿಸೈನಲ್ಲೂ ಅಷ್ಟೇ. ಗೋಡೆ ಕಾಗದದಂತೆ ಎರಡೂ ದಿಕ್ಕಿಗೆ ಹಬ್ಬುವ ವಿನ್ಯಾಸ ಎಷ್ಟೇ ಬಗೆಯಲ್ಲಿ ಕಂಡರೂ ಅದರ ಸಮ್ಮಿತಿ (ಸರಿಸಿದರೂ, ತಿರುಗಿಸಿದರೂ, ಕನ್ನಡಿಯಲ್ಲಿಟ್ಟಂತೆ ಮಗುಚಿದರೂ ಹಾಗೇ ಕಾಣುವ ನಿಯಮ) 17 ಬಗೆ ಮಾತ್ರ.

ಮನುಷ್ಯರ ವಿಷಯ ಬೇರೆ. ಅಲ್ಲಿ ನಿಯಮ ಮುರಿದಾಗಲೇ ಅದು ಕಾಣುವುದು. ದಿನಾ ಬರುವ ಮೆಸೇಜು ಒಂದು ರಾತ್ರಿ ಬರದಿದ್ದರೆ ಸುಮ್ನೆ ನಿದ್ದೆ ಬರುತ್ತಾ ಹೇಳಿ?